ಮುಂದಿನ ಕೆಲಸದ ದಿನ

ಕೇಳಿದ್ದು ಸಣ್ಣ ಲೆಕ್ಕ.
ಇವತ್ತು ಆರ್ಡರು ಬಂದರೆ, ಐದು ಕೆಲಸದ ದಿನ ಕಳೆದು
ಮಂಡಕ್ಕಿ ಮೂಟೆ ಯಾವತ್ತು ಲಾರಿ ಹತ್ತುತ್ತದೆ?
ಸಂಜೆಯೊಳಗೆ ಬರೆದು ಕೊಡುತ್ತೇನೆಂದೆ
ಭಟ್ಟಿಯ ಬಾಗಿಲಲ್ಲೇ ನಿಂತು, ಬಾಯಿ ತುಂಬ ಮಂಡಕ್ಕಿ.

ಭಾನುವಾರ ಬಿಡು. ಎರಡನೇ, ನಾಲ್ಕನೇ ಶನಿವಾರ
ಬ್ಯಾಂಕಿಗೆ ರಜೆ, ಭಟ್ಟಿಗಲ್ಲ; ಅದಕ್ಕೊಂದು ಬೇರೆ ಪಟ್ಟಿ.
ಶುಕ್ರವಾರ ಅರ್ಧ.
ಅಮಾವಾಸ್ಯೆಗೆ ಭತ್ತದ ಸಾಹುಕಾರರು
ಪೂಜೆ ಮುಗಿಸಿ ಗಲ್ಲಾ ಮುಚ್ಚುತ್ತಾರೆ;
ಇಲ್ಲಿ ಒಲೆ ಉರಿಯುತ್ತಿರುತ್ತದೆ, ಅಲ್ಲಿ ಅಳೆದು ಕೊಡುವ ಕೈಯಿಲ್ಲ.
ಅದು ಕೆಲಸದ ದಿನವೋ ಅಲ್ಲವೋ?
ದಾದಾಪೀರ್ ಸಾಹೇಬರು ಗಡ್ಡ ಕೆರೆದುಕೊಂಡರು:
“ಮುಕ್ಕಾಲು ಅಂತ ಬರ್ಕೋ ಮಗಳೇ.”

ಮುಕ್ಕಾಲು ಅಂತ ಬರೆದುಕೊಂಡೆ.

ರಂಜಾನಿನ ತಾರೀಖು ಕೇಳಿದರೆ
ಮಿನಾರಿನ ಮೇಲಿನ ಆಕಾಶ ತೋರಿಸಿದರು.
ಹಿಂದಿನ ರಾತ್ರಿ ಎಂಟರವರೆಗೂ ಯಾರಿಗೂ ಗೊತ್ತಿರದ ಹಬ್ಬ.
ಎಂಟೂ ಹತ್ತಕ್ಕೆ ಒತ್ತಲೆಂದು ಒಂದು ಗುಂಡಿ ಮಾಡಿದೆ,
ಅದರ ಮೇಲೆ ‘ಚಂದ್ರ’ ಅಂತ ಬರೆದೆ.
ಇಡೀ ಕೆಲಸದಲ್ಲಿ ನನಗೆ ಹೆಮ್ಮೆ ಆ ಗುಂಡಿಯೊಂದರದೇ.

ಸಿಕ್ಕಿಕೊಂಡಿದ್ದು ನಡುರಾತ್ರಿಯಲ್ಲಿ.
ಬಾಣಲೆಯ ಮರಳು ಕಾಯುವುದು ಹನ್ನೊಂದಕ್ಕೆ,
ಒಲೆಯ ಹೊಟ್ಟು ಆರುವುದು ಬೆಳಗಿನ ಆರಕ್ಕೆ.
ಕೂಲಿ ಸೋಮವಾರದ್ದೋ, ಮಂಗಳವಾರದ್ದೋ?
ಪಂಚಾಂಗದ ದಿನ ಹೊತ್ತು ಹುಟ್ಟಿದ ಮೇಲೆ,
ಸಾಹೇಬರ ದಿನ ಹೊತ್ತು ಮುಳುಗಿದ ಮೇಲೆ,
ನನ್ನ ಕಂಪ್ಯೂಟರಿನ ದಿನ ದಾವಣಗೆರೆ ಮಲಗಿರುವಾಗ
ಕಳ್ಳನ ಹಾಗೆ, ಚಿಲಕದ ಸದ್ದಿಲ್ಲದೆ.
ಎದ್ದಿರುವವಳು ಬಾಣಲೆ ಮುಂದಿನ ಮಾಬುನ್ನಿ ಒಬ್ಬಳೇ.
ಅವಳನ್ನೇ ಕೇಳಿದೆ.
“ಎದ್ದಾಗಿಂದ ಮಲಗೋತನಕ ಒಂದೇ ದಿನ ರೀ.
ನಡುವೆ ಗೆರೆ ಎಳೆದೋರು ಯಾರು?”

ಪಾಳಿ ಶುರುವಾದ ದಿನವೇ ಪಾಳಿಯ ದಿನ.
ಹದಿನಾರು ಸಾಲು ಅಳಿಸಿದೆ.

ಮಳೆಯನ್ನು ಎಲ್ಲಿ ಹಾಕುವುದೋ ತಿಳಿಯಲಿಲ್ಲ.
ಬೇಯಿಸಿದ ಭತ್ತ ಬಿಸಿಲಲ್ಲಿ ಒಣಗಬೇಕು;
ಮೋಡ ಕವಿದ ದಿನ ರಜೆಯಲ್ಲ, ಕೂಲಿಯೂ ಅಲ್ಲ.
ಆಮೇಲೆ ನೋಡೋಣ ಎಂದು ಒಂದು ಚುಕ್ಕಿ ಇಟ್ಟು ಮುಂದೆ ಹೋದೆ.

ನನ್ನ ಕೋಣೆಯ ಕೆಳಗೆ ಮನೆ ಮಾಲೀಕರು ಮುರಿಗೆಪ್ಪ,
ಒಂದು ಕಾಲಕ್ಕೆ ಕಾಟನ್ ಮಿಲ್ಲಿನ ನೂಲು ಖಾತೆಯಲ್ಲಿ ಜಾಬರು.
ಪರೀಕ್ಷೆಗೆ ಹಳೆಯದೊಂದು ರಜೆಪಟ್ಟಿ ಬೇಕಿತ್ತು.
ಇದೆ ಎಂದರು, ಟ್ರಂಕು ಎಳೆದರು.
ಪಟ್ಟಿಯ ಹಿಂದೆ ತುಕ್ಕು ಪಿನ್ನಿನಲ್ಲೊಂದು ನೋಟೀಸು:
‘ಮುಂದಿನ ಆದೇಶದವರೆಗೆ ರಜೆ.
ಕೆಲಸದ ದಿನವನ್ನು ತರುವಾಯ ತಿಳಿಸಲಾಗುವುದು.’

ತಮಾಷೆಗೆ ಅದನ್ನೂ ತುಂಬಿದೆ.
ರಜೆ ಶುರು: ಆ ತಾರೀಖು. ಕೊನೆ: ಖಾಲಿ.
ಮುಂದಿನ ಕೆಲಸದ ದಿನ?

ಹೊರಟಿತು ಯಂತ್ರ.
ಇವತ್ತಲ್ಲ, ನಾಳೆ. ನಾಳೆಯಲ್ಲ, ನಾಡಿದ್ದು.
ಫ್ಯಾನು ಗೊರಗುಟ್ಟಿತು.
ಚಹಾ ಕುಡಿದು ಬಂದು ನೋಡಿದರೆ
ಇಸವಿ ಆರು ಸಾವಿರ ದಾಟಿ ಓಡುತ್ತಿದೆ,
ಇನ್ನೂ ಹುಟ್ಟದ ಸೋಮವಾರಗಳ ಬಾಗಿಲು ಒಂದೊಂದೇ ತಟ್ಟುತ್ತ.

“ಏನ್ ಹುಡುಕ್ತಿದೆ ಇದು?”
“ಮಿಲ್ಲು ತೆಗಿಯೋ ದಿನ.”
ನಗುತ್ತಾರೆ ಅಂದುಕೊಂಡಿದ್ದೆ. ಕುರ್ಚಿ ಎಳೆದುಕೊಂಡು ಕೂತರು.
“ಹುಡುಕ್ಲಿ ಬಿಡು.
ನಾನೂ ದಿನಾ ಏಳು ಗಂಟೆಗೆ ಗೇಟಿನ ತನಕ ಹೋಗಿ ಬರ್ತಿದ್ದೆ.
ಬುತ್ತಿ ತಗೊಂಡೇ.”

ಹುಡುಕಾಟಕ್ಕೊಂದು ಮಿತಿ ಹಾಕಬೇಕು,
ಇಲ್ಲದಿದ್ದರೆ ಯಂತ್ರ ಸಾಯುತ್ತದೆ.
ಹಾಕಿದೆ: ಅಷ್ಟರಲ್ಲಿ ಸಿಗದಿದ್ದರೆ ‘ಇಲ್ಲ’ ಅನ್ನು, ನಿಲ್ಲು.
ಎಷ್ಟು ಹಾಕಿದೆ ಎಂದು ಕೇಳಿದರು.
ಹತ್ತು ವರ್ಷ, ಎಂದೆ.
“ನಂಗೆ ಎಂಟಕ್ಕೇ ಗೊತ್ತಾತು” ಎಂದು
ನೋಟೀಸು ಮಡಚಿ, ಅದೇ ತೂತುಗಳಿಗೆ ಪಿನ್ನು ಹಾಕಿ
ಗೋಡೆ ಹಿಡಿದು ಮೆಟ್ಟಿಲಿಳಿದರು.

ದಾದಾಪೀರ್ ಸಾಹೇಬರ ಮೊದಲ ಮೂಟೆಗೆ
ನನ್ನ ಲೆಕ್ಕ ಕೊಟ್ಟ ದಿನ ಗುರುವಾರ.
ಮಂಗಳವಾರ ಮಧ್ಯಾಹ್ನ
ಆನಗೋಡಿನ ಕಡೆಯಿಂದ ಮೋಡ ಎದ್ದಿತು.